ಡೇಟಿಗೆ ಮುಂಚಿನ ವಾರ

ಮುಟ್ಟಿನ ಬಗ್ಗೆ ನಮ್ಮ ಕಡೆ ಎಲ್ಲರ ಲೆಕ್ಕ ಶುರುವಾಗುವುದು ರಕ್ತ ಕಂಡ ದಿನದಿಂದ. ಆ ಮೂರು ದಿನ ದೇವರ ಕೋಣೆಗೆ ಹೋಗುವ ಹಾಗಿಲ್ಲ. ಹೊಟ್ಟೆನೋವಿಗೆ ಜೀರಿಗೆ ಕಷಾಯ, ಬಿಸಿನೀರಿನ ಬ್ಯಾಗ್. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ಯಾಡ್. ಈಗ ಸರ್ಕಾರದ ರಜೆಯೂ ಬಂದಿದೆ. ಇದರಲ್ಲಿ ಕೆಲವು ನನಗೆ ಒಪ್ಪಿಗೆ, ಕೆಲವು ಇಲ್ಲ. ಆದರೆ ಎಲ್ಲವೂ ಆ ಮೂರು ದಿನದ ಸುತ್ತಲೇ ಇವೆ. ಅದಕ್ಕೂ ಮುಂಚಿನ ವಾರದ ಬಗ್ಗೆ ಅಮ್ಮ ಹೇಳಿರಲಿಲ್ಲ, ಮದುವೆಯಾದ ಮೇಲೆ ಅತ್ತೆಯೂ ಹೇಳಲಿಲ್ಲ. ನನ್ನಂಥ ಹೆಂಗಸರಿಗೆ ಕಷ್ಟ ಇರುವುದು ಆ ವಾರದಲ್ಲೇ. ಅದೊಂದು ಕಾಯಿಲೆ, ಪಿಎಂಡಿಡಿ ಅಂತ ಹೆಸರು.

ನಾನು ಸೋಮವಾರಪೇಟೆ ಕಡೆಯವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು, ಸ್ವಲ್ಪ ಕಾಫಿ, ಅದರ ಜೊತೆ ಮೆಣಸು. ಹೊರಗಿನವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ನಿಜವಾಗಿಯೂ ಹೇಳಿಕೊಳ್ಳುವಂಥ ಕೊರತೆ ಇಲ್ಲ. ಆದರೂ ವರ್ಷಗಟ್ಟಲೆ, ಪ್ರತಿ ತಿಂಗಳು ಒಂದು ವಾರ, ಕೆಲವು ಸಲ ಇನ್ನೂ ಜಾಸ್ತಿ, ನನಗೆ ನಾನೇ ಗುರುತು ಸಿಗದ ಹಾಗೆ ಬದುಕಿದ್ದೇನೆ.

ಅದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕು. "ಡೇಟ್ ಹತ್ತಿರ ಬಂದರೆ ಸ್ವಲ್ಪ ಸಿಟ್ಟು ಬರುತ್ತೆ" ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೂ ಇದಕ್ಕೂ ಎಷ್ಟು ದೂರ ಅನ್ನುವುದು ಗೊತ್ತಿಲ್ಲ. ಬೆಳಗಿನ ಜಾವ ಎಚ್ಚರವಾಗುತ್ತದೆ. ಎದೆ ಡವಡವ ಅನ್ನುತ್ತಿರುತ್ತದೆ. ಏನೋ ಕೆಟ್ಟದ್ದು ಆಗಲಿದೆ ಅನ್ನುವ ಭಯ, ಏನು ಅಂತ ಕೇಳಿದರೆ ಉತ್ತರ ಇಲ್ಲ. ಕುಕ್ಕರ್ ಕೂಗಿದರೆ ಸಿಟ್ಟು. ಪಕ್ಕದಲ್ಲಿ ಕೂತವರು ಊಟ ಮಾಡುವ ಸದ್ದಿಗೂ ಸಿಟ್ಟು. ಎದೆ ಭಾರವಾಗಿ ಮುಟ್ಟಿದರೆ ನೋವು. ಹೊಟ್ಟೆ ಉಬ್ಬಿ ಸೀರೆ ಬಿಗಿ. ಎಷ್ಟೋ ವರ್ಷದಿಂದ ಬಾಯಿಪಾಠ ಇರುವ ಪದ್ಯದ ಸಾಲು ತರಗತಿಯಲ್ಲಿ ನಿಂತಾಗ ನೆನಪಿಗೆ ಬರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಇಬ್ಬರು ಮೆಲ್ಲಗೆ ಮಾತಾಡಿಕೊಂಡರೆ ಅದು ನನ್ನ ಬಗ್ಗೆಯೇ ಅಂತ ಖಾತ್ರಿಯಾಗುತ್ತದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಅಳುತ್ತಾ ಬರುವುದು. ಎಲ್ಲಕ್ಕಿಂತ ಕಷ್ಟವಾದದ್ದು, ನಾನಿಲ್ಲದಿದ್ದರೆ ಈ ಮನೆ ನೆಮ್ಮದಿಯಾಗಿ ಇರುತ್ತದೆ ಅನ್ನುವ ಯೋಚನೆ. ಅದು ದುಃಖದ ಮಾತಾಗಿ ಬರುತ್ತಿರಲಿಲ್ಲ. ಲೆಕ್ಕ ಹಾಕಿ ತೀರ್ಮಾನ ಮಾಡಿದ ವಿಷಯದ ಹಾಗೆ, ತಣ್ಣಗೆ ಬರುತ್ತಿತ್ತು.

ಆಮೇಲೆ ಮುಟ್ಟಾಗುತ್ತಿತ್ತು. ಒಂದೆರಡು ದಿನದೊಳಗೆ, ಕೆಲವು ಸಲ ಅದೇ ಸಂಜೆಯೊಳಗೆ, ಎಲ್ಲ ಹೋಗುತ್ತಿತ್ತು. ಹೊಟ್ಟೆನೋವು ಇರುತ್ತಿತ್ತು, ಸುಸ್ತು ಇರುತ್ತಿತ್ತು, ಆದರೆ ಆ ಭಯ, ಆ ಸಿಟ್ಟು, ಆ ತೀರ್ಮಾನ ಯಾವುದೂ ಇಲ್ಲ. ಕುಕ್ಕರ್ ಕೂಗಿದರೆ ಅನ್ನ ಆಯಿತು ಅಂತ ಎದ್ದು ಹೋಗುತ್ತಿದ್ದೆ, ಅಷ್ಟೇ. ಸ್ಟಾಫ್ ರೂಮಿನಲ್ಲಿ ಅವರಿಬ್ಬರು ಮಾತಾಡುತ್ತಿದ್ದದ್ದು ಚೀಟಿ ದುಡ್ಡಿನ ಬಗ್ಗೆ ಅಂತ ಗೊತ್ತಾಗುತ್ತಿತ್ತು.

ಹೀಗೆ ಥಟ್ಟನೆ ಸರಿಹೋಗುವುದೇ ಈ ಕಾಯಿಲೆಯ ಗುರುತು. ಯಾರೂ ಇದನ್ನು ನಂಬದೇ ಇರುವುದಕ್ಕೂ ಕಾರಣ ಅದೇ. ಟೈಫಾಯ್ಡ್ ಬಂದವರು ಎದ್ದು ಓಡಾಡುವುದಕ್ಕೆ ವಾರಗಳು ಬೇಕು. ನಿನ್ನೆ ರಾತ್ರಿ ಬಾಗಿಲು ಹಾಕಿಕೊಂಡು ಅತ್ತವಳು ಇವತ್ತು ಮಧ್ಯಾಹ್ನ ಅಕ್ಕಿರೊಟ್ಟಿ ತಟ್ಟುತ್ತಾ ಮಕ್ಕಳ ಜೊತೆ ನಗುತ್ತಿದ್ದರೆ ಮನೆಯವರು ಏನಂದುಕೊಳ್ಳಬೇಕು? ನಾಟಕ ಅಂದುಕೊಳ್ಳುತ್ತಾರೆ. ಅವಳಿಗೇ ತನ್ನ ಮೇಲೆ ಹಾಗೆ ಅನಿಸಲು ಶುರುವಾಗುತ್ತದೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಆಸ್ಪತ್ರೆಗೆ ಹೋಗುವುದು ಅಂದರೆ ಒಂದು ದಿನದ ಕೆಲಸ. ಹಳ್ಳಿಯಿಂದ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಡಿಕೇರಿಗೆ ಹೋಗಬೇಕಾದರೆ ರಜೆ ಹಾಕಬೇಕು. ಮೈಸೂರಿಗೆ ಹೋಗಬೇಕಾದರೆ ಜೊತೆಗೊಬ್ಬರು ಬೇಕು, ಆ ದಿನ ತೋಟದಲ್ಲಿ ಆಳುಗಳಿದ್ದರೆ ಯಾರೂ ಬರುವ ಹಾಗಿಲ್ಲ. ಎಲ್ಲ ಹೊಂದಿಸಿಕೊಂಡು ಹೊರಡುವ ಹೊತ್ತಿಗೆ ಮುಟ್ಟಾಗಿ, ಮನಸ್ಸು ತಿಳಿಯಾಗಿ, ಈಗ ಹೋಗಿ ಏನಂತ ಹೇಳಲಿ ಅನಿಸುತ್ತದೆ. ಹೋದರೂ ಡಾಕ್ಟರ್ ಎದುರು ಕೂತಿರುವುದು ಆರೋಗ್ಯವಾಗಿರುವ ಹೆಂಗಸು. ಹಿಮೋಗ್ಲೋಬಿನ್ ನೋಡಿದರು, ಥೈರಾಯ್ಡ್ ನೋಡಿದರು, ಹಾರ್ಮೋನ್ ಕೂಡ ನೋಡಿದರು. ಎಲ್ಲ ನಾರ್ಮಲ್. ಒಬ್ಬರು "ಎರಡನೇ ಮಗು ಆದಮೇಲೆ ಸರಿಹೋಗುತ್ತೆ" ಅಂದರು. ಮಗು ಆಯಿತು. ಸರಿಹೋಗಲಿಲ್ಲ.

ಅತ್ತೆ ಒಂದು ಸಲ ತಮ್ಮ ಅಕ್ಕನ ಕಥೆ ಹೇಳಿದ್ದರು. ಆಕೆ ತಿಂಗಳಿಗೆ ಕೆಲವು ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲವಂತೆ. ಒಲೆ ಮುಂದೆ ಕೂತವರು ಪಾತ್ರೆ ಎಸೆದು ಎದ್ದು ಹೋಗುತ್ತಿದ್ದರಂತೆ, ತೋಟದ ಕೆರೆ ಹತ್ತಿರ ಒಬ್ಬರೇ ಕೂತಿರುತ್ತಿದ್ದರಂತೆ. ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿದರು, ಹರಕೆ ಹೊತ್ತರು. ಮುಟ್ಟಾಗಿ ಹೊರಗೆ ಕೂತ ಕೂಡಲೇ ಆಕೆ ಸರಿಯಾಗುತ್ತಿದ್ದರು. ಮೈಲಿಗೆ ಅಂದರೆ ಗಾಳಿಗೆ ಆಗಲ್ಲ, ಅದಕ್ಕೇ ಬಿಟ್ಟು ಹೋಗುತ್ತೆ ಅಂತ ಊರವರು ಮಾತಾಡಿಕೊಳ್ಳುತ್ತಿದ್ದರಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಆ ಜನ ಸರಿಯಾಗಿಯೇ ನೋಡಿದ್ದರು. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅನ್ನುವುದನ್ನು ಎಷ್ಟೋ ಡಾಕ್ಟರುಗಳಿಗಿಂತ ಚೆನ್ನಾಗಿ ಗಮನಿಸಿದ್ದರು. ಆಕೆಗೆ ಮಾತ್ರ ಅದರಿಂದ ಏನೂ ಉಪಯೋಗ ಆಗಲಿಲ್ಲ. ಐವತ್ತು ತುಂಬುವ ತನಕ ಆಕೆ ಊರಿನವರ ಬಾಯಲ್ಲಿ "ಗಾಳಿ ಇರುವವಳು" ಆಗಿಯೇ ಉಳಿದರು.

ವೈದ್ಯರ ಪುಸ್ತಕಕ್ಕೆ ಇದು ಬಂದು ಬಹಳ ಕಾಲವಾಗಿದೆ. 1931ರಲ್ಲೇ ಅಮೆರಿಕದ ರಾಬರ್ಟ್ ಫ್ರಾಂಕ್ ಅನ್ನುವ ಸ್ತ್ರೀರೋಗ ತಜ್ಞರು ಮುಟ್ಟಿಗೆ ಮುಂಚೆ ಕೆಲವು ಹೆಂಗಸರಿಗೆ ಬರುವ ತಡೆಯಲಾಗದ ಉದ್ವೇಗದ ಬಗ್ಗೆ ಬರೆದಿದ್ದರು. 1953ರಲ್ಲಿ ಇಂಗ್ಲೆಂಡಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದಕ್ಕೆ ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್ ಅಂತ ಕರೆದರು. ನಾವೆಲ್ಲ ಪಿಎಂಎಸ್ ಅನ್ನುವುದು ಅದನ್ನೇ. ಅದರಲ್ಲೇ ತೀರಾ ಜಾಸ್ತಿ ಇರುವ, ಮನಸ್ಸನ್ನೇ ಹಿಡಿದು ಅಲ್ಲಾಡಿಸುವ ಬಗೆಗೆ ಈಗ ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್, ಚಿಕ್ಕದಾಗಿ ಪಿಎಂಡಿಡಿ, ಅಂತ ಹೆಸರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಇದನ್ನು ಪೂರ್ತಿ ಕಾಯಿಲೆಯಾಗಿ ಸೇರಿಸಿತು. ಅದಕ್ಕೆ ಮುಂಚೆ ಅನುಬಂಧದಲ್ಲಿ, ಇನ್ನೂ ಅಧ್ಯಯನ ಬೇಕು ಅನ್ನುವ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲೂ ಇದಿದೆ. ಮುಟ್ಟಾಗುವ ಹೆಂಗಸರಲ್ಲಿ ನೂರಕ್ಕೆ 3ರಿಂದ 8 ಮಂದಿಗೆ ಇದು ಇರುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತುಂಬ ಬಿಗಿಯಾಗಿ ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಇದಕ್ಕಿಂತ ಕಡಿಮೆ ಬಂದಿದೆ. ಕಡಿಮೆ ಅಂದರೂ ನಮ್ಮ ಒಂದು ಹೋಬಳಿಯಲ್ಲೇ ಎಷ್ಟು ಮನೆಗಳಾಗುತ್ತವೆ ಯೋಚಿಸಿ.

ನನ್ನ ಹಾರ್ಮೋನ್ ರಿಪೋರ್ಟ್ ನಾರ್ಮಲ್ ಬಂದದ್ದು ಯಾಕೆ ಅಂತ ಗೊತ್ತಾದಾಗ ಸಮಾಧಾನವಾಯಿತು. ಪಿಎಂಡಿಡಿ ಇರುವವರಲ್ಲಿ ಹಾರ್ಮೋನ್ ಜಾಸ್ತಿಯೂ ಇರುವುದಿಲ್ಲ, ಕಡಿಮೆಯೂ ಇರುವುದಿಲ್ಲ. ಎಲ್ಲರಿಗೂ ಇರುವಷ್ಟೇ ಇರುತ್ತದೆ. ಅದರ ಏರಿಳಿತಕ್ಕೆ ಮೆದುಳು ಪ್ರತಿಕ್ರಿಯೆ ಕೊಡುವ ರೀತಿ ಬೇರೆ. ಒಂದೇ ಕಣದಲ್ಲಿ ಮೆಣಸು ಬಿಡಿಸುವಾಗ ಒಬ್ಬರಿಗೆ ಏನೂ ಆಗುವುದಿಲ್ಲ, ಪಕ್ಕದವರಿಗೆ ಕಣ್ಣು ಮೂಗು ಉರಿದು ಕೂರಲಾಗುವುದಿಲ್ಲ, ಅಲ್ವಾ? ಮೆಣಸು ಅದೇ ಮೆಣಸು. ಇದನ್ನು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಷ್ಮಿಟ್, ಡೇವಿಡ್ ರುಬಿನೋ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದರು. ಮೊದಲು ಔಷಧ ಕೊಟ್ಟು ಅಂಡಾಶಯದ ಹಾರ್ಮೋನ್‌ಗಳನ್ನು ತಡೆದರು. ತೀವ್ರ ಪಿಎಂಎಸ್ ಇದ್ದ ಎಷ್ಟೋ ಹೆಂಗಸರ ತೊಂದರೆ ಇಳಿಯಿತು. ಆಮೇಲೆ ಈಸ್ಟ್ರೊಜೆನ್ ಅಥವಾ ಪ್ರೊಜೆಸ್ಟರಾನ್ ವಾಪಸ್ ಕೊಟ್ಟರು. ಅದೇ ಹೆಂಗಸರಲ್ಲಿ ತೊಂದರೆ ಮತ್ತೆ ಬಂತು. ಮೊದಲಿನಿಂದಲೂ ಪಿಎಂಎಸ್ ಇಲ್ಲದ ಹೆಂಗಸರಿಗೆ ಅದೇ ಔಷಧ, ಅದೇ ಹಾರ್ಮೋನ್ ಕೊಟ್ಟರೂ ಮನಸ್ಸಿನಲ್ಲಿ ವ್ಯತ್ಯಾಸ ಆಗಲಿಲ್ಲ. ಅಂಡ ಬಿಡುಗಡೆಯಾದ ಮೇಲೆ ದೇಹದಲ್ಲಿ ಪ್ರೊಜೆಸ್ಟರಾನ್ ಏರುತ್ತದೆ. ಅದು ಒಡೆದು ಅಲೋಪ್ರೆಗ್ನನೊಲೋನ್ ಅನ್ನುವ ವಸ್ತು ಆಗುತ್ತದೆ. ಮೆದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಯ ಮೇಲೆ ಅದು ಕೆಲಸ ಮಾಡುತ್ತದೆ. ನಮ್ಮಂಥವರಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ ಅನ್ನುವುದು ಈಗಿನ ಮುಖ್ಯ ವಿವರಣೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಮೆದುಳಿನ ರಾಸಾಯನಿಕ ಸೆರೊಟೋನಿನ್‌ಗೂ ಇದರಲ್ಲಿ ಪಾಲಿದೆ.

ಆ ವಿಷಯ ಓದಿದ ರಾತ್ರಿ ಯಜಮಾನರಿಗೆ ಅದನ್ನೇ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ "ಹಾಗಾದರೆ ಆಸ್ಪತ್ರೆಯವರು ಎಲ್ಲ ನಾರ್ಮಲ್ ಅಂದಿದ್ದು ಸುಳ್ಳಲ್ಲ, ನಿನಗೆ ಕಷ್ಟ ಆಗ್ತಿದ್ದಿದ್ದೂ ಸುಳ್ಳಲ್ಲ" ಅಂದರು. ಎಷ್ಟೋ ವರ್ಷದ ಜಗಳ ಆ ಒಂದು ಮಾತಿನಲ್ಲಿ ಅರ್ಧ ಇಳಿಯಿತು.

ನನಗೆ ದಾರಿ ತೋರಿಸಿದ್ದು ಮೈಸೂರಿನ ಒಬ್ಬ ಮನೋವೈದ್ಯೆ. ಸ್ತ್ರೀರೋಗ ತಜ್ಞರೆಲ್ಲ ಮುಟ್ಟಾದ ತಾರೀಕು ಕೇಳುತ್ತಿದ್ದರು. ಇವರು ಅಳು ಬಂದ ತಾರೀಕು ಕೇಳಿದರು. ನೆನಪಿಲ್ಲ ಅಂದೆ. ಹಾಗಾದರೆ ಇವತ್ತಿನಿಂದ ಪ್ರತಿ ದಿನ ಬರೆಯಿರಿ, ಎರಡು ಮುಟ್ಟು ಆಗುವ ತನಕ ಬರೆದು ತನ್ನಿ ಅಂದರು. ಈ ಕಾಯಿಲೆ ಕಂಡುಹಿಡಿಯಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಇರುವುದು ದಿನದಿನದ ಬರಹ ಒಂದೇ. ಹನ್ನೊಂದು ಲಕ್ಷಣಗಳ ಪಟ್ಟಿ ಇದೆ. ಅದರಲ್ಲಿ ಐದಾದರೂ ಮುಟ್ಟಿಗೆ ಮುಂಚಿನ ವಾರ ಇರಬೇಕು, ಮುಟ್ಟು ಶುರುವಾದ ಕೆಲವೇ ದಿನದಲ್ಲಿ ಇಳಿಯಬೇಕು, ಅದಾದ ವಾರದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಆಗಬೇಕು. ಆ ಐದರಲ್ಲಿ ಒಂದಾದರೂ ಮನಸ್ಸಿಗೆ ಸೇರಿದ್ದಾಗಿರಬೇಕು: ಸಿಟ್ಟು, ಆತಂಕ, ಖಿನ್ನತೆ, ಅಥವಾ ಗಳಿಗೆಗೊಂದು ಮನಸ್ಸು. ಕೆಲಸಕ್ಕೋ ಸಂಬಂಧಕ್ಕೋ ಅದರಿಂದ ಪೆಟ್ಟು ಬಿದ್ದಿರಬೇಕು. ನೆನಪಿನಿಂದ ಹೇಳಿದರೆ ಲೆಕ್ಕಕ್ಕೆ ಬರುವುದಿಲ್ಲ, ಆಯಾ ದಿನವೇ ಬರೆದದ್ದು ಬೇಕು.

ನಾನು ಮಕ್ಕಳ ಹಳೇ ನೋಟ್‌ಬುಕ್ ಒಂದನ್ನು ತೆಗೆದುಕೊಂಡೆ. ತಾರೀಕು, ನಿದ್ದೆ, ಸಿಟ್ಟು, ಅಳು, ಭಯ, ಮೈನೋವು. ಒಂದೊಂದಕ್ಕೂ ಒಂದರಿಂದ ಆರರ ತನಕ ಅಂಕ. ಒಂದು ಅಂದರೆ ಇಲ್ಲ, ಆರು ಅಂದರೆ ತಡೆಯಲಾರದಷ್ಟು. ಅದರ ಪಕ್ಕದಲ್ಲಿ ನಾನಾಗಿಯೇ ಮಳೆ ಅಂತ ಒಂದು ಕಾಲಂ ಸೇರಿಸಿದೆ.

ಮಳೆಯ ಕಾಲಂ ಯಾಕೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಬಿಸಿಲು ಕಾಣದೆ ದಿನಗಳು ಹೋಗುತ್ತವೆ. ಕರೆಂಟ್ ಇರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಗೋಡೆಯೆಲ್ಲ ಬೂಷ್ಟು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲಂತೂ ಜೋರು ಮಳೆಯ ಸದ್ದು ಕೇಳಿದರೆ ರಾತ್ರಿ ಎದ್ದು ಕೂರುವವರು ನಮ್ಮ ಕಡೆ ಎಷ್ಟೋ ಜನ. ಹಾಗಾಗಿ ನನ್ನ ಭಯ, ನಿದ್ದೆ ಇಲ್ಲದ್ದು, ಅಳು ಎಲ್ಲವನ್ನೂ ನಾನು ಮಳೆಯ ಮೇಲೆ ಹಾಕಿದ್ದೆ. ಬೇಸಿಗೆಯಲ್ಲಿ ಬಂದರೆ ಪರೀಕ್ಷೆಯ ಕೆಲಸ ಅಂತ, ಜನವರಿಯಲ್ಲಿ ಬಂದರೆ ಕಾಫಿ ಕುಯ್ಲಿನ ಗಡಿಬಿಡಿ ಅಂತ. ಪ್ರತಿ ತಿಂಗಳಿಗೂ ಒಂದು ಕಾರಣ ಸಿಗುತ್ತಿತ್ತು. ನೋಟ್‌ಬುಕ್ ತುಂಬುತ್ತಾ ಹೋದ ಹಾಗೆ ಐದು, ಆರು ಅನ್ನುವ ಅಂಕಗಳೆಲ್ಲ ಮುಟ್ಟಿಗೆ ಮುಂಚಿನ ದಿನಗಳಲ್ಲೇ ಗುಂಪಾಗಿ ನಿಂತಿದ್ದವು. ಮುಟ್ಟಾದ ಮೇಲಿನ ವಾರದಲ್ಲಿ ಹೊರಗೆ ಎಂಥ ಮಳೆ ಸುರಿಯುತ್ತಿದ್ದರೂ ಅಂಕ ಒಂದು, ಎರಡು. ಮಳೆಯ ಕಾಲಂಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎಲ್ಲರ ಪುಸ್ತಕವೂ ಹೀಗೇ ಬರುವುದಿಲ್ಲ. ನನ್ನ ನಾದಿನಿ ವಿರಾಜಪೇಟೆಯಲ್ಲಿದ್ದಾಳೆ. ಅವಳಿಗೂ ಇದೇ ಇರಬೇಕು ಅಂದುಕೊಂಡು ಬರೆಯಲು ಹೇಳಿದೆ. ಅವಳ ಪುಸ್ತಕದಲ್ಲಿ ತಿಂಗಳ ಎಲ್ಲ ದಿನವೂ ಮೂರು, ನಾಲ್ಕು ಇತ್ತು. ಡೇಟಿಗೆ ಮುಂಚೆ ಐದಕ್ಕೆ ಏರುತ್ತಿತ್ತು. ಡಾಕ್ಟರ್ ನೋಡಿ, ಇದು ಮೊದಲೇ ಇರುವ ಖಿನ್ನತೆ, ಮುಟ್ಟಿಗೆ ಮುಂಚೆ ಜಾಸ್ತಿಯಾಗುತ್ತಿದೆ ಅಂದರು. ಅದರ ಚಿಕಿತ್ಸೆ ಬೇರೆ. ಥೈರಾಯ್ಡ್, ರಕ್ತಹೀನತೆ ಇದ್ದವರಿಗೂ ಹೀಗೆ ಗೊಂದಲ ಆಗಬಹುದು. ಅದಕ್ಕೇ ಬರೆಯದೆ ಯಾವ ತೀರ್ಮಾನಕ್ಕೂ ಬರಬಾರದು ಅನ್ನುವುದು.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಮೊದಲ ಸಾಲಿನ ಮದ್ದು, ಖಿನ್ನತೆಗೂ ಕೊಡುವ, ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು. ಸರ್ಟ್ರಾಲಿನ್, ಫ್ಲುಒಕ್ಸೆಟಿನ್ ಅದರಲ್ಲಿ ಸೇರುತ್ತವೆ. ಫ್ಲುಒಕ್ಸೆಟಿನ್‌ಗೆ ಅಮೆರಿಕದಲ್ಲಿ 2000ರಲ್ಲೇ ಪಿಎಂಡಿಡಿಗಾಗಿ ಒಪ್ಪಿಗೆ ಸಿಕ್ಕಿತ್ತು. ಖಿನ್ನತೆಗೆ ಇವು ಕೆಲಸ ಮಾಡಲು ವಾರಗಳು ಬೇಕು. ಪಿಎಂಡಿಡಿಗೆ ಕೆಲವೇ ದಿನದಲ್ಲಿ ಗುಣ ತೋರಿಸುತ್ತವೆ. ಆದ್ದರಿಂದ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡು, ಮುಟ್ಟಾದ ಮೇಲೆ ನಿಲ್ಲಿಸುವ ಕ್ರಮವೂ ಇದೆ. ನನಗೆ ಹಾಗೇ ಕೊಟ್ಟರು. ಮೊದಲ ದಿನಗಳಲ್ಲಿ ವಾಕರಿಕೆ ಇತ್ತು. ಮೂರನೇ ತಿಂಗಳ ಹೊತ್ತಿಗೆ ಆ ವಾರ ಬಂದು ಹೋದದ್ದು ಮುಟ್ಟಾದ ಮೇಲೆ ಗೊತ್ತಾಯಿತು. ಕೆಲವರಿಗೆ ಗರ್ಭನಿರೋಧಕ ಮಾತ್ರೆಯಲ್ಲೇ ಡ್ರೊಸ್ಪಿರಿನೋನ್ ಅನ್ನುವ ಹಾರ್ಮೋನ್ ಇರುವ ಬಗೆ ಆಗುತ್ತದೆ. ಮಾತಿನ ಚಿಕಿತ್ಸೆಯಿಂದ ಎಷ್ಟೋ ಜನರಿಗೆ ಸಹಾಯವಾಗಿದೆ. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡ ಪಿಎಂಎಸ್ ಹೆಂಗಸರಲ್ಲಿ ಲಕ್ಷಣಗಳು ಕಡಿಮೆಯಾದದ್ದು 1998ರ ಇನ್ನೊಂದು ಅಧ್ಯಯನದಲ್ಲಿ ಕಂಡಿತ್ತು. ನಡಿಗೆ, ನಿದ್ದೆ ಒಳ್ಳೆಯದೇ. ಆದರೆ ತೀವ್ರವಾಗಿ ಇರುವವರಿಗೆ "ವಾಕಿಂಗ್ ಮಾಡಿ, ಸರಿಹೋಗುತ್ತೆ" ಅಂತ ಹೇಳಿ ಕಳಿಸುವುದು ಅನ್ಯಾಯ. ಯಾವ ಮಾತ್ರೆಯನ್ನೂ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೋಬೇಡಿ. ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಇಳಿಯುವ ಬೈಪೋಲಾರ್ ಇದ್ದವರಿಗೆ ಎಸ್‌ಎಸ್‌ಆರ್‌ಐ ಅಪಾಯ ಆಗಬಹುದು, ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು.

ಅತ್ತೆ ನಮ್ಮ ಕಡೆಯ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡಿ "ಇದು ಹದಿನೆಂಟು ರೋಗಕ್ಕೆ ಆಗುತ್ತೆ, ನಿನಗೂ ಆಗುತ್ತೆ" ಅಂತ ಎರಡು ಲೋಟ ಜಾಸ್ತಿ ಕೊಡುತ್ತಾರೆ. ಪ್ರೀತಿಯಿಂದ ಕುಡಿಯುತ್ತೇನೆ. ಮಾತ್ರೆಯನ್ನು ಬಿಡುವುದಿಲ್ಲ.

ಹಬ್ಬದ ವಿಷಯ ಬಂದದ್ದಕ್ಕೆ ಒಂದು ಮಾತು ಹೇಳಲೇಬೇಕು. ಅಕ್ಟೋಬರ್ ನಡುವೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಆಮೇಲೆ ಹೊಸ ಭತ್ತದ ಹಬ್ಬ ಹುತ್ತರಿ. ಮದುವೆಗಳು ಬೇರೆ. ಡೇಟ್ ಅಡ್ಡ ಬರಬಾರದು ಅಂತ ಮುಂದೂಡುವ ಮಾತ್ರೆ ನುಂಗುವುದು ನಮ್ಮ ಮನೆಗಳಲ್ಲಿ ಮಾಮೂಲು. ಅದರಲ್ಲಿ ಇರುವುದು ಸಾಮಾನ್ಯವಾಗಿ ನೋರೆಥಿಸ್ಟೆರೋನ್, ಪ್ರೊಜೆಸ್ಟರಾನ್‌ನ ಹಾಗೆ ಕೆಲಸ ಮಾಡುವ ಔಷಧ. ಅದು ಕೆಲವರಲ್ಲಿ ಮನಸ್ಸನ್ನು ಕುಗ್ಗಿಸಬಹುದು. ಮುಟ್ಟಾದರೆ ಮಾತ್ರ ಬಿಡುಗಡೆ ಸಿಗುವ ಹೆಂಗಸು, ಆ ಬಿಡುಗಡೆಯನ್ನೇ ವಾರಗಟ್ಟಲೆ ಮುಂದೂಡಿ, ಮನೆ ತುಂಬ ನೆಂಟರಿಗೆ ಅಡುಗೆ ಮಾಡುತ್ತಾ ನಿಂತಿರುತ್ತಾಳೆ. ಹಬ್ಬದಲ್ಲಿ ಅವಳು ಸಿಡಿದರೆ "ಒಳ್ಳೇ ದಿನ ಹೀಗೆ ಮಾಡಿದಳು" ಅನ್ನುತ್ತಾರೆ. ನಾನು ಆ ಮಾತ್ರೆ ನಿಲ್ಲಿಸಿದ್ದೇನೆ. ಡೇಟ್ ಬಂದರೆ ಬಂತು. ಕಾವೇರಿ ಕೂಡ ಹೆಣ್ಣೇ, ಅವಳಿಗೆ ನನ್ನ ಮೇಲೆ ಕೋಪ ಬರುತ್ತದೆ ಅಂತ ನಾನು ನಂಬುವುದಿಲ್ಲ.

ಕುಯ್ಲಿನ ಕಾಲದಲ್ಲಿ ನಮ್ಮ ತೋಟಕ್ಕೆ ಬರುವ ಹೆಂಗಸರಲ್ಲಿ ಒಬ್ಬಾಕೆ ಇದ್ದಾರೆ. ಪಕ್ಕದ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಇರುತ್ತಾರೆ. ರೊಬಸ್ಟಾ ಕಾಫಿ ಕುಯ್ಯುವಾಗ ಕೂಲಿ ಕಿಲೋ ಲೆಕ್ಕ. ಎಷ್ಟು ಕುಯ್ದರೆ ಅಷ್ಟು ದುಡ್ಡು. ಕೈ ಚುರುಕು ಇರುವ ಆಕೆ ಕೆಲವು ದಿನ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದರು, ತೂಕ ಹಾಕುವಾಗ ಜಗಳ ಆಡುತ್ತಿದ್ದರು. ಒಂದು ಭಾನುವಾರ ಕಾಫಿ ಕೊಡುವಾಗ ನಾನು ನನ್ನ ವಿಷಯ ಹೇಳಿಕೊಂಡೆ. ಆಕೆ ಲೋಟ ಕೆಳಗಿಟ್ಟು, "ಟೀಚರಮ್ಮ, ನನಗೂ ಹಂಗೇ. ಗಿಡದ ಹತ್ತಿರ ನಿಂತರೂ ಕೈ ಓಡಲ್ಲ. ಮಗೂನ ಹೊಡೀತೀನಿ, ಆಮೇಲೆ ಅಳ್ತೀನಿ. ಮುಟ್ಟಾದರೆ ನಾನು ಮತ್ತೆ ನಾನೇ" ಅಂದರು. ಗಂಡನ ಹತ್ತಿರ ಹೇಳಿದ್ದೀರಾ ಅಂತ ಕೇಳಿದೆ. "ಏನಂತ ಹೇಳಲಿ? ಕುಡಿದು ಬಂದವರ ಹತ್ತಿರ" ಅಂದರು. ಅವರಿಗೆ ಓದು ಬರಹ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಕೆಟ್ಟ ದಿನಕ್ಕೆ ಇದ್ದಿಲಿನಿಂದ ಒಂದು ಗೀಟು, ಮುಟ್ಟಿಗೆ ಒಂದು ಬೊಟ್ಟು ಹಾಕುವುದು ಅಂತ ಮಾತಾಯಿತು. ಹಾಕುತ್ತಿದ್ದಾರೆ. ಡಾಕ್ಟರಿಗೆ ಅಷ್ಟು ಸಾಕು.

ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಮೇತ. ನನಗೆ ಖುಷಿಯಾಯಿತು, ಎಷ್ಟೋ ಹೆಂಗಸರಿಗೆ ನೋವಿನ ದಿನ ಒಂದು ಆಸರೆ ಆಗುತ್ತದೆ. ಆದರೆ ನನ್ನಂಥವರಿಗೆ ಆ ರಜೆ ಮುಟ್ಟಿಗೆ ಮುಂಚಿನ ದಿನ ಬೇಕು. ಹಾಗೆ ತೆಗೆದುಕೊಳ್ಳಲು ಬಿಡಬೇಕು ಅಂತ ಎಲ್ಲ ಹೆಡ್‌ಮಾಸ್ಟರಿಗೂ ಮ್ಯಾನೇಜರಿಗೂ ತಿಳಿಸಿ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ, ಕಿಲೋ ಲೆಕ್ಕದಲ್ಲಿ ಕುಯ್ಯುವ ಹೆಂಗಸಿಗೆ ರಜೆಯ ಸಂಬಳ ಯಾರು ಕೊಡಬೇಕು ಅನ್ನುವುದನ್ನು ನಮ್ಮಂಥ ಸಣ್ಣ ಬೆಳೆಗಾರರೂ ಕೂತು ಮಾತಾಡಬೇಕು. ನಾವು ಈ ವರ್ಷ ಆಕೆಗೆ ಅಂಥ ದಿನಗಳಲ್ಲಿ ಕುಯ್ಲು ಬಿಟ್ಟು ಕಣದ ಕೆಲಸ ಕೊಟ್ಟು ದಿನಗೂಲಿ ಕೊಟ್ಟೆವು. ದೊಡ್ಡ ಉಪಕಾರವೇನಲ್ಲ. ಮಾಡಬಹುದಾದ ಕೆಲಸ.

ಈ ಕಾಯಿಲೆಯ ಹೆಸರು ಮನೆಯಲ್ಲಿ ಗೊತ್ತಾದ ಮೇಲೆ ಇನ್ನೊಂದು ತೊಂದರೆ ಬರುತ್ತದೆ, ಅದನ್ನೂ ಹೇಳಬೇಕು. ಏನಾದರೂ ತಕರಾರು ಎತ್ತಿದರೆ "ಡೇಟ್ ಹತ್ತಿರ ಬಂತಾ?" ಅನ್ನುತ್ತಾರೆ. ಆ ವಾರ ನನ್ನ ಸಿಟ್ಟಿನ ಅಳತೆ ತಪ್ಪುತ್ತದೆ, ನಿಜ. ಸಿಟ್ಟಿನ ಕಾರಣ ಎಷ್ಟೋ ಸಲ ನಿಜವೇ ಇರುತ್ತದೆ. ಮನೆಯ ಎಲ್ಲ ಕೆಲಸ ನನ್ನ ಮೇಲೆ ಬೀಳುತ್ತಿದೆ ಅಂತ ನಾನು ಆ ವಾರ ಕೂಗಿದ್ದರೆ, ಉಳಿದ ಮೂರು ವಾರವೂ ಆ ಕೆಲಸ ನನ್ನ ಮೇಲೇ ಬಿದ್ದಿರುತ್ತದೆ. ಆಗ ತಡೆದುಕೊಂಡಿರುತ್ತೇನೆ, ಅಷ್ಟೇ ವ್ಯತ್ಯಾಸ. ಹಾಗಾಗಿ ನಾನೂ ಯಜಮಾನರೂ ಒಂದು ಒಪ್ಪಂದ ಮಾಡಿಕೊಂಡೆವು. ಆ ವಾರ ಯಾವ ದೊಡ್ಡ ತೀರ್ಮಾನವೂ ಬೇಡ. ವರ್ಗಾವಣೆ ಅರ್ಜಿ, ತವರಿಗೆ ಹೊರಡುವುದು, ಮಕ್ಕಳ ಶಾಲೆ ಬದಲಾಯಿಸುವುದು, ಏನೇ ಇರಲಿ. ಆದರೆ ನಾನು ಹೇಳಿದ ತಕರಾರನ್ನು ಬರೆದಿಡಬೇಕು, ಮುಟ್ಟಾದ ಮುಂದಿನ ವಾರ ಅದೇ ಪುಟ ತೆಗೆದು ಮಾತಾಡಬೇಕು. ಈ ರೀತಿ ಮಾತಾಡಿಯೇ ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ಕೆಲಸ ಯಜಮಾನರದ್ದಾಯಿತು. "ಡೇಟ್ ಬಂತಾ" ಅನ್ನುವ ಪ್ರಶ್ನೆಯನ್ನು ಜಗಳದ ನಡುವೆ ಕೇಳುವ ಹಾಗಿಲ್ಲ ಅನ್ನುವುದೂ ಒಪ್ಪಂದದಲ್ಲಿದೆ.

ಬದುಕು ಬೇಡ ಅನ್ನುವ ಯೋಚನೆಯ ಬಗ್ಗೆ ಮೇಲೆ ಬರೆದೆ. ಪಿಎಂಡಿಡಿ ಇರುವವರಲ್ಲಿ ಅದು ಅಪರೂಪ ಅಲ್ಲ. ಮುಟ್ಟಾದರೆ ಹೋಗುತ್ತದೆ ಅಂತ ಗೊತ್ತಿದ್ದರೂ ಆ ರಾತ್ರಿ ಒಬ್ಬರೇ ಇರಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೋಟದಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿ ಇರುವ ಮನೆಗಳು ನಮ್ಮವು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ಬೇರೆಯವರ ಹತ್ತಿರ ಇಡಿ. ನಮ್ಮ ಮನೆಯಲ್ಲಿ ಹಾಗೇ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಂಡರೆ ಮೈಸೂರಿನ ತನಕ ಹೋಗುವ ಕೆಲಸ ತಪ್ಪಬಹುದು.

ನನಗೀಗ ನಲವತ್ತು ದಾಟಿದೆ. ಮುಟ್ಟು ನಿಂತ ಮೇಲೆ ಇದೂ ನಿಲ್ಲುತ್ತದೆ. ಆದರೆ ನಿಲ್ಲುವುದಕ್ಕೆ ಮುಂಚಿನ ವರ್ಷಗಳಲ್ಲಿ ಹಾರ್ಮೋನ್ ಏರಿಳಿತ ಜಾಸ್ತಿಯಾಗಿ ಕೆಲವರಿಗೆ ಇದು ಇನ್ನೂ ಕೆರಳುತ್ತದೆ. ನನ್ನ ಡೇಟ್ ಈಗ ಒಂದು ತಿಂಗಳು ಬೇಗ, ಒಂದು ತಿಂಗಳು ತಡ. ಮುಟ್ಟಿಗೆ ಮುಂಚಿನ ಎರಡು ವಾರ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಮಾತ್ರೆಯನ್ನು ತಿಂಗಳು ಪೂರ್ತಿ ತೆಗೆದುಕೊಳ್ಳಲು ಹೇಳಿದ್ದಾರೆ. ಮುಂದಿನ ಭೇಟಿ ಹುತ್ತರಿ ಮುಗಿದ ಮೇಲೆ. ಮೈಗೆ ಅಂಟಿಸುವ ಈಸ್ಟ್ರೊಜೆನ್ ಪ್ಯಾಚ್ ಬಗ್ಗೆ, ಅದರ ಜೊತೆ ಪ್ರೊಜೆಸ್ಟರಾನ್ ಕೂಡ ಕೊಡಬೇಕಾಗುತ್ತದೆ ಅನ್ನುವುದರ ಬಗ್ಗೆ ಕೇಳಬೇಕು. ಎರಡನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ.